ವಿಶ್ವವಿದ್ಯಾನಿಲಯ ಕಾಲೇಜುಗಳಲ್ಲಿ ಸಂವಹನ ಹಾಗೂ ಮಾಹಿತಿ ವಿಜ್ಞಾನ ಸಂಶೋಧನೆಗಳ ಹಂಚಿಕೆ

ಸಂಶೋಧನಾ ವಿದ್ಯಾರ್ಥಿಗಳು, ಅಧ್ಯಾಪಕರು ಹಾಗೂ ಸಾರ್ವಜನಿಕರ ಅವಗಾಹನೆಗಾಗಿ

1. ಪೀಠಿಕೆ

ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ನಡೆಯುವ ಸಂಶೋಧನೆಯ ವೆಚ್ಚದ ಬಹುಭಾಗವನ್ನು ಸಾರ್ವಜನಿಕ ಹಣದಿಂದ ಭರಿಸಲಾಗುತ್ತದೆ. ಆದುದರಿಂದ ಸದರಿ ಸಂಶೋಧನೆಯ ಫಲಿತಾಂಶವು ಮುಂದಿನ ವಿದ್ಯಾರ್ಥಿಗಳಿಗೆ, ಇತರ ವಿಭಾಗಗಳ ಅಧ್ಯಾಪಕರಿಗೆ ಹಾಗೂ ಆಸಕ್ತ ನಾಗರಿಕರಿಗೆ ದೊರೆಯುವಂತಿರಬೇಕು. ಪದವಿ ಪ್ರದಾನವಾದ ನಂತರ ಮಹಾಪ್ರಬಂಧವು ವಿಭಾಗದ ಕಪಾಟಿನಲ್ಲಿ ಉಳಿದುಹೋದಲ್ಲಿ, ಕೆಲವು ವರ್ಷಗಳ ತರುವಾಯ ಮತ್ತೊಬ್ಬ ವಿದ್ಯಾರ್ಥಿಯು ಅದೇ ವಿಷಯವನ್ನು ಆಯ್ದುಕೊಂಡು, ಅದೇ ಪ್ರಶ್ನೆಗಳನ್ನು ಅದೇ ಊರಿನ ಜನರಿಗೆ ಕೇಳುವ ಸಂದರ್ಭ ಒದಗುತ್ತದೆ. ಇದರಿಂದ ವಿದ್ಯಾರ್ಥಿಯ ಕಾಲ, ಮಾರ್ಗದರ್ಶಕರ ಶ್ರಮ ಮತ್ತು ಉತ್ತರ ನೀಡಿದ ಜನರ ಸಹನೆ ಮೂರೂ ವ್ಯರ್ಥವಾಗುತ್ತವೆ.

ಸಂಶೋಧನೆಯ ಹಂಚಿಕೆಗೆ ಸಂಬಂಧಿಸಿದ ನಿಯಮಗಳು, ಅನುಸರಿಸಬೇಕಾದ ಕ್ರಮ, ಸಂಶೋಧಕರ ಹಕ್ಕುಗಳು ಹಾಗೂ ಸಾರ್ವಜನಿಕರು ಸಂಶೋಧನೆಗಳನ್ನು ಪಡೆಯುವ ವಿಧಾನವನ್ನು ಈ ಕೆಳಗೆ ವಿವರಿಸಲಾಗಿದೆ.

2. ಎರಡು ವಿಭಾಗಗಳು, ಒಂದೇ ಕ್ಷೇತ್ರ

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಂವಹನದ ಅಧ್ಯಯನವು ಪತ್ರಿಕೋದ್ಯಮ ಹಾಗೂ ಸಮೂಹ ಸಂವಹನ ವಿಭಾಗದಲ್ಲಿಯೂ, ಮಾಹಿತಿ ವಿಜ್ಞಾನದ ಅಧ್ಯಯನವು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದಲ್ಲಿಯೂ ನಡೆಯುತ್ತದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿಯೂ ಇವು ಪ್ರತ್ಯೇಕ ವಿಷಯಗಳಾಗಿವೆ. ಆದರೆ ಇವುಗಳ ಸಂಶೋಧನಾ ಪ್ರಶ್ನೆಗಳು ಅನೇಕ ವೇಳೆ ಒಂದೇ ಆಗಿರುತ್ತವೆ. ರೈತರು ಹವಾಮಾನ ಮತ್ತು ಮಾರುಕಟ್ಟೆ ದರದ ಮಾಹಿತಿಯನ್ನು ಎಲ್ಲಿಂದ ಪಡೆಯುತ್ತಾರೆ ಎಂಬುದನ್ನು ಒಂದು ವಿಭಾಗವು ಮಾಧ್ಯಮ ಬಳಕೆಯೆಂದು ಅಧ್ಯಯನ ಮಾಡಿದರೆ, ಮತ್ತೊಂದು ವಿಭಾಗವು ಮಾಹಿತಿ ಅನ್ವೇಷಣಾ ವರ್ತನೆಯೆಂದು ಅಧ್ಯಯನ ಮಾಡುತ್ತದೆ. ಶೀರ್ಷಿಕೆ ಹಾಗೂ ಪರಿಭಾಷೆ ಬೇರೆಯಾಗಿರುವುದರಿಂದ ಒಬ್ಬರ ಕೆಲಸ ಮತ್ತೊಬ್ಬರ ಗಮನಕ್ಕೆ ಬಾರದೇ ಹೋಗುತ್ತದೆ. ಆದ್ದರಿಂದ ಈ ಕ್ಷೇತ್ರದಲ್ಲಿ ಹಂಚಿಕೆಯ ಮೊದಲ ಹೆಜ್ಜೆಯನ್ನು ಒಂದೇ ಕಾಲೇಜಿನ ಎರಡು ವಿಭಾಗಗಳ ನಡುವೆಯೇ ಇಡಬೇಕಾಗುತ್ತದೆ.

ವಿಭಾಗದ ಗಡಿ ದಾಟಿದ ಕೆಲಸಕ್ಕೆ ಕರ್ನಾಟಕದಲ್ಲಿಯೇ ಉತ್ತಮ ನಿದರ್ಶನವಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ನಿವಾಸದಲ್ಲಿಯೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರವು ಬಳಸಿದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ರಾಷ್ಟ್ರದ ಬಾನುಲಿ ಸಂಸ್ಥೆಯ ಹೆಸರಾಯಿತು.

3. ಹಿನ್ನೆಲೆ

ಮಹಾಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸುವುದನ್ನು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯವು 1997ರಲ್ಲಿ ಕಡ್ಡಾಯಗೊಳಿಸಿತು. ಭಾರತದಲ್ಲಿ ಈ ದಿಸೆಯ ಆರಂಭಿಕ ಪ್ರಯತ್ನಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗವು 2000ರಲ್ಲಿ ಕೈಗೊಂಡ ‘ವಿದ್ಯಾನಿಧಿ’ ಯೋಜನೆಯು ಪ್ರಮುಖವಾದುದು. ಭಾರತೀಯ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳ ವಿವರಗಳನ್ನು ಒಂದೆಡೆ ಸಂಗ್ರಹಿಸುವುದರ ಜೊತೆಗೆ, ಕನ್ನಡ ಮತ್ತು ಹಿಂದಿ ಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲಿಯೇ ಯೂನಿಕೋಡ್ ಮೂಲಕ ದಾಖಲಿಸಿದುದು ಸದರಿ ಯೋಜನೆಯ ವೈಶಿಷ್ಟ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿ ಆರಂಭಿಸಿದ ಸಂಶೋಧನಾ ಲೇಖನಗಳ ಭಂಡಾರವು ದೇಶದ ಮೊದಲ ಸಾಂಸ್ಥಿಕ ಭಂಡಾರಗಳಲ್ಲಿ ಒಂದಾಗಿದೆ.

ಈ ಅನುಭವಗಳ ನಂತರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರ ನಿಯಮಾವಳಿಯಲ್ಲಿ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯ ಸಲ್ಲಿಕೆಗೆ ಅವಕಾಶ ಕಲ್ಪಿಸಿತು. ತತ್ಪರಿಣಾಮವಾಗಿ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರವು ‘ಶೋಧಗಂಗಾ’ ಎಂಬ ರಾಷ್ಟ್ರೀಯ ಭಂಡಾರವನ್ನು ರೂಪಿಸಿತು. ಇದರಲ್ಲಿ ಈಗ ಐದು ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿವೆ. ನಡೆಯುತ್ತಿರುವ ಸಂಶೋಧನೆಗಳ ಸಾರಲೇಖಗಳಿಗಾಗಿ ‘ಶೋಧಗಂಗೋತ್ರಿ’ ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ವಿಷಯವನ್ನು ಆಯ್ಕೆ ಮಾಡಿಕೊಳ್ಳುವ ಮುನ್ನ ಇವೆರಡನ್ನೂ ಪರಿಶೀಲಿಸುವುದು ಪ್ರತಿಯೊಬ್ಬ ಸಂಶೋಧನಾರ್ಥಿಗೂ ಹಿತಕರ.

4. ನಿಯಮಾನುಸಾರ ಹಂಚಿಕೆಯ ಹಂತಗಳು

ಪಿಎಚ್.ಡಿ. ಪದವಿಗೆ ಸಂಬಂಧಿಸಿದಂತೆ ಆಯೋಗದ 2016ರ ನಿಯಮಾವಳಿಯು ಕೆಳಕಂಡ ಹಂತಗಳನ್ನು ಸೂಚಿಸಿದ್ದು, 2022ರ ನಿಯಮಾವಳಿಯಲ್ಲಿಯೂ ಇವುಗಳ ಆಶಯವನ್ನು ಉಳಿಸಿಕೊಳ್ಳಲಾಗಿದೆ.

(ಅ) ಮಹಾಪ್ರಬಂಧವನ್ನು ಸಲ್ಲಿಸುವ ಮುನ್ನ ಅಭ್ಯರ್ಥಿಯು ಸಂಶೋಧನಾ ಸಲಹಾ ಸಮಿತಿಯ ಮುಂದೆ ತನ್ನ ಕೆಲಸವನ್ನು ಮಂಡಿಸತಕ್ಕದ್ದು. ಈ ಮಂಡನೆಯು ಅಧ್ಯಾಪಕರಿಗೆ ಹಾಗೂ ಇತರ ಸಂಶೋಧನಾರ್ಥಿಗಳಿಗೆ ಮುಕ್ತವಾಗಿರುತ್ತದೆ.

(ಆ) ಮೌಖಿಕ ಪರೀಕ್ಷೆಯು ಬಹಿರಂಗವಾಗಿ ನಡೆಯುತ್ತದೆ. ವಿಭಾಗದ ಅಧ್ಯಾಪಕರು, ಸಂಶೋಧನಾರ್ಥಿಗಳು ಹಾಗೂ ಆಸಕ್ತ ತಜ್ಞರು ಹಾಜರಿರಬಹುದು.

(ಇ) ಮೌಲ್ಯಮಾಪನವು ಯಶಸ್ವಿಯಾಗಿ ಪೂರ್ಣಗೊಂಡ ನಂತರ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಸಲ್ಲಿಸತಕ್ಕದ್ದು. ಈ ಹೊಣೆಯು ಸಂಸ್ಥೆಯದ್ದಾಗಿರುತ್ತದೆ.

ಮೇಲ್ಕಂಡ (ಅ) ಮತ್ತು (ಆ) ಹಂತಗಳನ್ನು ಕೇವಲ ವಿಧಿವಿಧಾನವೆಂದು ಭಾವಿಸಬಾರದು. ಇವು ಕಾಲೇಜಿನೊಳಗೆ ಸಂಶೋಧನೆಯನ್ನು ಹಂಚಿಕೊಳ್ಳಲು ನಿಯಮವೇ ಒದಗಿಸಿದ ಅವಕಾಶಗಳು. ಪತ್ರಿಕೋದ್ಯಮ ವಿಭಾಗದ ಮಂಡನೆಯ ಸೂಚನಾ ಪತ್ರವನ್ನು ಗ್ರಂಥಾಲಯ ವಿಜ್ಞಾನ ವಿಭಾಗದ ಸೂಚನಾ ಫಲಕದಲ್ಲಿಯೂ ಪ್ರಕಟಿಸಿದಲ್ಲಿ ಯಾವ ಹೆಚ್ಚುವರಿ ವೆಚ್ಚವೂ ಇಲ್ಲದೆ ಉದ್ದೇಶವು ಈಡೇರುತ್ತದೆ.

ಮಹಾಪ್ರಬಂಧ ಸಲ್ಲಿಕೆಗೆ ಮುನ್ನ ಸಂಶೋಧನಾ ಲೇಖನವನ್ನು ಪ್ರಕಟಿಸಿರಬೇಕೆಂಬ ಷರತ್ತು 2022ರ ನಿಯಮಾವಳಿಯಲ್ಲಿ ಇರುವುದಿಲ್ಲ. ಹೀಗಾಗಿ ಕೆಲವು ಸಂಶೋಧನೆಗಳ ಮಟ್ಟಿಗೆ ಮಹಾಪ್ರಬಂಧವೊಂದೇ ಸಾರ್ವಜನಿಕ ದಾಖಲೆಯಾಗಿ ಉಳಿಯಬಹುದು. ಅದನ್ನು ಭಂಡಾರಕ್ಕೆ ಸೇರಿಸುವ ಕೆಲಸವು ಈಗ ಮೊದಲಿಗಿಂತ ಹೆಚ್ಚಿನ ಮಹತ್ವ ಪಡೆದಿದೆ.

5. ರಾಷ್ಟ್ರೀಯ ಭಂಡಾರದ ವ್ಯಾಪ್ತಿಗೆ ಬಾರದ ಸಂಶೋಧನೆಗಳು

ಶೋಧಗಂಗಾ ಭಂಡಾರವು ಮುಖ್ಯವಾಗಿ ಪಿಎಚ್.ಡಿ. ಮಹಾಪ್ರಬಂಧಗಳಿಗೆ ಮೀಸಲಾಗಿದೆ. ಕಾಲೇಜಿನಲ್ಲಿ ಪ್ರತಿವರ್ಷ ಸಿದ್ಧವಾಗುವ ಕೆಳಕಂಡ ಕೆಲಸಗಳಿಗೆ ಅಂತಹ ಆಶ್ರಯವಿಲ್ಲ:

• ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳು
• ಸಮೀಕ್ಷೆಗಳಿಗಾಗಿ ರೂಪಿಸಿದ ಕನ್ನಡ ಪ್ರಶ್ನಾವಳಿಗಳು
• ವೃತ್ತಪತ್ರಿಕೆಗಳ ವಿಷಯ ವಿಶ್ಲೇಷಣೆಗೆ ಬಳಸಿದ ವರ್ಗೀಕರಣ ಪಟ್ಟಿಗಳು
• ಸಮೀಕ್ಷೆಯ ದತ್ತಾಂಶ ಹಾಗೂ ಸಂದರ್ಶನಗಳ ಧ್ವನಿಮುದ್ರಣ
• ವಿಚಾರಗೋಷ್ಠಿಗಳಲ್ಲಿ ಮಂಡಿಸಿ ಅಪ್ರಕಟಿತವಾಗಿ ಉಳಿದ ಪ್ರಬಂಧಗಳು

ಇವುಗಳನ್ನು ಕಾಲೇಜು ತಾನಾಗಿ ಉಳಿಸದಿದ್ದಲ್ಲಿ ಬೇರೆ ಯಾರೂ ಉಳಿಸುವುದಿಲ್ಲ. ಒಂದು ತಾಲ್ಲೂಕಿನ ಪತ್ರಿಕಾ ಓದುಗರ ಬಗ್ಗೆ ವಿದ್ಯಾರ್ಥಿಯೊಬ್ಬರು ಸಿದ್ಧಪಡಿಸಿದ ಕಿರುಪ್ರಬಂಧವು ಸಾಧಾರಣವೆಂದು ತೋರಬಹುದು. ಆದರೆ ಹತ್ತು ವರ್ಷಗಳ ನಂತರ ಅದೇ ತಾಲ್ಲೂಕಿನಲ್ಲಿ ಓದಿನ ರೂಢಿ ಹೇಗೆ ಬದಲಾಯಿತೆಂದು ತಿಳಿಯಲು ಅದರಲ್ಲಿನ ಕೋಷ್ಟಕಗಳಷ್ಟು ಉಪಯುಕ್ತವಾದುದು ಮತ್ತೊಂದಿರುವುದಿಲ್ಲ.

ಇದಕ್ಕಾಗಿ ಡಿಸ್ಪೇಸ್, ಇಪ್ರಿಂಟ್ಸ್ ಮುಂತಾದ ಉಚಿತ ತಂತ್ರಾಂಶಗಳು ಲಭ್ಯವಿವೆ. ಅದಕ್ಕೆ ಅಗತ್ಯವಾದ ಸಿಬ್ಬಂದಿ ಅಥವಾ ಸೌಲಭ್ಯ ಇಲ್ಲದ ಕಾಲೇಜುಗಳು ಸರಳವಾದ ಪಟ್ಟಿಯಿಂದ ಆರಂಭಿಸಬಹುದು. ಸಂಶೋಧಕರ ಹೆಸರು, ಶೀರ್ಷಿಕೆ, ಮಾರ್ಗದರ್ಶಕರು, ವರ್ಷ, ಅಧ್ಯಯನ ನಡೆದ ಸ್ಥಳ, ಐದಾರು ಸೂಚಿಪದಗಳು ಹಾಗೂ ಪ್ರತಿಯು ದೊರೆಯುವ ಜಾಗ ಇವಿಷ್ಟನ್ನು ದಾಖಲಿಸಿದರೆ ಸಾಕು. ಸೂಚಿಪದಗಳನ್ನು ನೀಡುವಾಗ ಎರಡೂ ವಿಭಾಗಗಳ ಪರಿಭಾಷೆಯನ್ನು ಬಳಸುವುದು ಸೂಕ್ತ. ‘ಮಾಧ್ಯಮ ಬಳಕೆ’ ಮತ್ತು ‘ಮಾಹಿತಿ ಅನ್ವೇಷಣೆ’ ಎಂಬ ಎರಡು ಪದಗಳೂ ದಾಖಲಾದಲ್ಲಿ ಯಾವ ವಿಭಾಗದವರು ಹುಡುಕಿದರೂ ಆ ಪ್ರಬಂಧವು ಕಣ್ಣಿಗೆ ಬೀಳುತ್ತದೆ.

6. ಕನ್ನಡ ಪ್ರಬಂಧಗಳ ಕುರಿತು ವಿಶೇಷ ಸೂಚನೆ

ಕನ್ನಡದಲ್ಲಿ ಸಿದ್ಧವಾದ ಅನೇಕ ಪ್ರಬಂಧಗಳು ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾಗಿವೆ. ಇಂತಹ ಕಡತಗಳು ಪರದೆಯ ಮೇಲೆ ಹಾಗೂ ಮುದ್ರಣದಲ್ಲಿ ಕನ್ನಡವಾಗಿಯೇ ಕಾಣುತ್ತವೆ. ಆದರೆ ಕಡತದ ಒಳಗೆ ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳಷ್ಟೇ ಇರುತ್ತವೆ. ಇದರಿಂದ ‘ಪತ್ರಿಕೋದ್ಯಮ’ ಎಂದು ಹುಡುಕಿದವರಿಗೆ, ಆ ಪದವು ನೂರು ಬಾರಿ ಬಂದಿರುವ ಪ್ರಬಂಧವೂ ದೊರೆಯುವುದಿಲ್ಲ. ಪ್ರಬಂಧವು ಭಂಡಾರದಲ್ಲಿದ್ದರೂ ಇಲ್ಲದಂತೆಯೇ ಆಗುತ್ತದೆ.

ಆದ ಕಾರಣ ಸಂಶೋಧನಾರ್ಥಿಗಳು ಕೆಳಕಂಡ ಅಂಶಗಳನ್ನು ಗಮನಿಸುವುದು ಅಗತ್ಯ:

(ಅ) ಪ್ರಬಂಧವನ್ನು ಆರಂಭದಿಂದಲೇ ಯೂನಿಕೋಡ್ ಅಕ್ಷರಗಳಲ್ಲಿ ಸಿದ್ಧಪಡಿಸುವುದು.

(ಆ) ಹಳೆಯ ಅಕ್ಷರಶೈಲಿಯಲ್ಲಿರುವ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಹಾಗೂ ಅರ್ಕಾವೊತ್ತುಗಳು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡುವುದು.

(ಇ) ಪಿಡಿಎಫ್ ಕಡತದಿಂದ ಒಂದು ಸಾಲನ್ನು ನಕಲು ಮಾಡಿ ಬೇರೆ ಕಡತದಲ್ಲಿ ಅಂಟಿಸಿ ನೋಡುವುದು. ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಂಡುಬಂದಲ್ಲಿ ಆ ಕಡತವು ಹುಡುಕಾಟಕ್ಕೆ ಅನುಪಯುಕ್ತವೆಂದು ತಿಳಿಯುವುದು.

(ಈ) ಯೂನಿಕೋಡ್‌ನಲ್ಲಿದ್ದರೂ ಪಿಡಿಎಫ್ ರೂಪದಲ್ಲಿ ಅಕ್ಷರಗಳು ಕೆಲವೊಮ್ಮೆ ಸ್ಥಾನಪಲ್ಲಟಗೊಳ್ಳುವುದರಿಂದ, ಶೀರ್ಷಿಕೆ, ಸಾರಾಂಶ ಮತ್ತು ಸೂಚಿಪದಗಳನ್ನು ಭಂಡಾರದ ವಿವರ ದಾಖಲೆಯಲ್ಲಿ ಪ್ರತ್ಯೇಕವಾಗಿ ಬೆರಳಚ್ಚು ಮಾಡುವುದು.

ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳಿಗೂ ಒಂದೆರಡು ಪುಟಗಳ ಕನ್ನಡ ಸಾರಾಂಶವನ್ನು ಜೋಡಿಸುವುದು ಅಪೇಕ್ಷಣೀಯ. ಸಮೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ನೀಡಿದವರಿಗೆ ತಮ್ಮ ಉತ್ತರಗಳಿಂದ ಏನು ತಿಳಿದುಬಂದಿತೆಂಬುದು ಅವರದೇ ಭಾಷೆಯಲ್ಲಿ ದೊರೆಯಬೇಕಾದುದು ನ್ಯಾಯ.

7. ಸಾಮ್ಯ ಪರಿಶೀಲನೆ

ಕೃತಿಚೌರ್ಯ ತಡೆ ಕುರಿತ ಆಯೋಗದ 2018ರ ನಿಯಮಾವಳಿಯ ಪ್ರಕಾರ ಪ್ರಬಂಧಗಳನ್ನು ತಂತ್ರಾಂಶದ ಮೂಲಕ ಪರಿಶೀಲಿಸಲಾಗುತ್ತದೆ. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಹಂತಗಳು ಈ ರೀತಿ ಇವೆ:

• ಶೇ. 10ರವರೆಗಿನ ಸಾಮ್ಯ: ದಂಡನೆ ಇರುವುದಿಲ್ಲ.
• ಶೇ. 10ಕ್ಕಿಂತ ಹೆಚ್ಚು, ಶೇ. 40ರವರೆಗೆ: ಗರಿಷ್ಠ 6 ತಿಂಗಳ ನಿಗದಿತ ಅವಧಿಯೊಳಗೆ ತಿದ್ದಿದ ಪ್ರತಿಯನ್ನು ಸಲ್ಲಿಸಬೇಕಾಗುತ್ತದೆ.
• ಶೇ. 40ಕ್ಕಿಂತ ಹೆಚ್ಚು, ಶೇ. 60ರವರೆಗೆ: ಒಂದು ವರ್ಷದ ಅವಧಿಗೆ ತಿದ್ದಿದ ಪ್ರತಿಯನ್ನು ಸಲ್ಲಿಸಲು ಅವಕಾಶವಿರುವುದಿಲ್ಲ.
• ಶೇ. 60ಕ್ಕಿಂತ ಹೆಚ್ಚು: ನೋಂದಣಿಯನ್ನು ರದ್ದುಪಡಿಸಲಾಗುತ್ತದೆ.

ಸೂಕ್ತ ಉಲ್ಲೇಖದೊಂದಿಗೆ ಬಳಸಿದ ಭಾಗಗಳು, ಗ್ರಂಥಋಣ, ಪರಿವಿಡಿ, ಮುನ್ನುಡಿ ಮತ್ತು ಕೃತಜ್ಞತೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರಬಂಧವನ್ನು ಬಹಿರಂಗಪಡಿಸಿದರೆ ಇತರರು ಕದಿಯುತ್ತಾರೆಂಬ ಆತಂಕವು ಅನೇಕರಲ್ಲಿದೆ. ವಾಸ್ತವವಾಗಿ ಭಂಡಾರದಲ್ಲಿರುವ ಪ್ರಬಂಧದಿಂದ ನಕಲು ಮಾಡಿದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವ ಸಂಭವ ಹೆಚ್ಚು. ಕಪಾಟಿನಲ್ಲಿ ಮಾತ್ರ ಇರುವ ಪ್ರಬಂಧವನ್ನು ಯಾವ ತಂತ್ರಾಂಶವೂ ಹೋಲಿಸಿ ನೋಡಲಾರದು. ಶೋಧಗಂಗಾದಲ್ಲಿ ಪ್ರತಿ ಪ್ರಬಂಧಕ್ಕೂ ಒಂದು ಶಾಶ್ವತ ಗುರುತು ಸಂಖ್ಯೆ ಇರುವುದರಿಂದ, ಮೊದಲು ಬರೆದವರು ಯಾರು ಎಂಬುದಕ್ಕೆ ದಾಖಲೆಯೂ ದೊರೆಯುತ್ತದೆ.

8. ಕೃತಿಸ್ವಾಮ್ಯ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಸಾಮಾನ್ಯವಾಗಿ ಕೃತಿಯನ್ನು ರಚಿಸಿದವರೇ ಅದರ ಮೊದಲ ಹಕ್ಕುದಾರರಾಗಿರುತ್ತಾರೆ. ಈ ಹಕ್ಕು ಅವರ ಜೀವಿತಾವಧಿ ಹಾಗೂ ನಂತರದ 60 ವರ್ಷಗಳವರೆಗೆ ಇರುತ್ತದೆ. ಭಂಡಾರಕ್ಕೆ ಪ್ರತಿ ನೀಡಿದ ಮಾತ್ರಕ್ಕೆ ಹಕ್ಕು ಕೈತಪ್ಪುವುದಿಲ್ಲ. ಸಂಶೋಧಕರು ಮುಂದೆ ತಮ್ಮ ಪ್ರಬಂಧವನ್ನು ಪುಸ್ತಕವಾಗಿ ಪ್ರಕಟಿಸಬಹುದು. ಆದರೆ ಪ್ರಕಾಶಕರೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗ ಪ್ರಬಂಧವು ಭಂಡಾರದಲ್ಲಿರುವ ಸಂಗತಿಯನ್ನು ತಿಳಿಸುವುದು ಒಳಿತು.

ಸಂವಹನ ಕ್ಷೇತ್ರದ ಪ್ರಬಂಧಗಳಲ್ಲಿ ವ್ಯಂಗ್ಯಚಿತ್ರ, ಜಾಹೀರಾತು, ಚಲನಚಿತ್ರದ ದೃಶ್ಯ ಹಾಗೂ ಪತ್ರಿಕಾ ಪುಟಗಳ ಚಿತ್ರಗಳನ್ನು ಬಳಸುವುದು ವಾಡಿಕೆ. ಸಂಶೋಧನೆ, ವಿಮರ್ಶೆ ಮುಂತಾದ ಉದ್ದೇಶಗಳಿಗಾಗಿ ನ್ಯಾಯೋಚಿತ ಬಳಕೆಗೆ ಸದರಿ ಅಧಿನಿಯಮದ 52ನೇ ಪ್ರಕರಣವು ಅವಕಾಶ ನೀಡುತ್ತದೆ. ಚರ್ಚೆಗೆ ಅಗತ್ಯವಿರುವಷ್ಟನ್ನೇ ಬಳಸಿ, ಮೂಲವನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

ನಿಯತಕಾಲಿಕಗಳಲ್ಲಿ ಪ್ರಕಟವಾದ ಲೇಖನಗಳಿಗೆ ಆಯಾ ಪ್ರಕಾಶಕರ ಷರತ್ತುಗಳು ಅನ್ವಯಿಸುತ್ತವೆ. ಅನೇಕ ಪ್ರಕಾಶಕರು ಮುದ್ರಿತ ರೂಪವನ್ನು ಹಂಚಲು ಅನುಮತಿ ನೀಡದಿದ್ದರೂ, ತಜ್ಞರ ಪರಿಶೀಲನೆಯ ನಂತರ ಅಂಗೀಕೃತವಾದ ಲೇಖಕರ ಹಸ್ತಪ್ರತಿಯನ್ನು ಕಾಲೇಜಿನ ಭಂಡಾರದಲ್ಲಿ ಇರಿಸಲು ಒಪ್ಪುತ್ತಾರೆ. ಆದ್ದರಿಂದ ಅಂಗೀಕೃತ ಹಸ್ತಪ್ರತಿಯನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆಗಳು 2014ರಲ್ಲಿ ಹೊರಡಿಸಿದ ಮುಕ್ತ ಲಭ್ಯತಾ ನೀತಿಯು ತಮ್ಮ ಅನುದಾನದ ಸಂಶೋಧನೆಗಳಿಗೆ ಇದೇ ಮಾರ್ಗವನ್ನು ಸೂಚಿಸಿದೆ.

9. ಉತ್ತರ ನೀಡಿದವರ ಗೋಪ್ಯತೆ

ಸಂವಹನ ಹಾಗೂ ಮಾಹಿತಿ ವಿಜ್ಞಾನದ ಸಂಶೋಧನೆಯು ಬಹುತೇಕ ಜನರನ್ನು ಕುರಿತದ್ದಾಗಿರುತ್ತದೆ. ಹಂಚಿಕೆಯ ಉತ್ಸಾಹದಲ್ಲಿ ಅವರ ವಿಶ್ವಾಸಕ್ಕೆ ಭಂಗ ಬರಬಾರದು. ದತ್ತಾಂಶವನ್ನು ಭಂಡಾರಕ್ಕೆ ನೀಡುವ ಮುನ್ನ ಹೆಸರು, ದೂರವಾಣಿ ಸಂಖ್ಯೆ ಹಾಗೂ ವಿಳಾಸಗಳನ್ನು ತೆಗೆದುಹಾಕತಕ್ಕದ್ದು. ಹೆಸರು ತೆಗೆದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಒಂದು ಸಣ್ಣ ಗ್ರಾಮದ ಹೆಸರಿನೊಂದಿಗೆ ‘ಅಂಗನವಾಡಿ ಕಾರ್ಯಕರ್ತೆ, 45 ವರ್ಷ’ ಎಂದು ಬರೆದರೆ ಊರಿನವರಿಗೆ ವ್ಯಕ್ತಿ ಯಾರೆಂದು ತಿಳಿಯುತ್ತದೆ. ಇಂತಹ ಕಡೆ ಗ್ರಾಮದ ಬದಲು ತಾಲ್ಲೂಕನ್ನೂ, ನಿಖರವಾದ ವಯಸ್ಸಿನ ಬದಲು ವಯೋಮಾನವನ್ನೂ ನಮೂದಿಸಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸಂಶೋಧನೆ ಹಾಗೂ ಅಂಕಿಅಂಶಗಳ ಉದ್ದೇಶಕ್ಕೆ ಷರತ್ತುಬದ್ಧ ವಿನಾಯಿತಿ ನೀಡಿದೆ. ಆದರೂ ದತ್ತಾಂಶವನ್ನು ಇತರ ಸಂಶೋಧಕರೊಂದಿಗೆ ಹಂಚಿಕೊಳ್ಳಲಾಗುವುದೆಂಬ ಅಂಶವನ್ನು ಒಪ್ಪಿಗೆ ಪತ್ರದಲ್ಲಿ ಮೊದಲೇ ಸೇರಿಸುವುದು ಕ್ಷೇಮಕರ. ಸಮೀಕ್ಷೆ ಮುಗಿದ ನಂತರ ಒಪ್ಪಿಗೆ ಪಡೆಯುವುದು ಬಹುತೇಕ ಅಸಾಧ್ಯ.

10. ಸಾರ್ವಜನಿಕರು ಸಂಶೋಧನೆಗಳನ್ನು ಪಡೆಯುವ ವಿಧಾನ

(ಅ) ಶೋಧಗಂಗಾದಲ್ಲಿರುವ ಪ್ರಬಂಧಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಓದಬಹುದು. ವಿಶ್ವವಿದ್ಯಾನಿಲಯ, ವಿಭಾಗ, ಸಂಶೋಧಕರು ಅಥವಾ ಮಾರ್ಗದರ್ಶಕರ ಹೆಸರಿನಿಂದ ಹುಡುಕಲು ಅವಕಾಶವಿದೆ.

(ಆ) ಭಂಡಾರದಲ್ಲಿ ಇಲ್ಲದ ಹಳೆಯ ಪ್ರಬಂಧಗಳಿಗಾಗಿ ಸಂಬಂಧಪಟ್ಟ ವಿಶ್ವವಿದ್ಯಾನಿಲಯ ಗ್ರಂಥಾಲಯದ ಗ್ರಂಥಪಾಲಕರಿಗೆ ಲಿಖಿತ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಶೀರ್ಷಿಕೆ, ಸಂಶೋಧಕರ ಹೆಸರು, ಅಂದಾಜು ವರ್ಷ ಹಾಗೂ ಓದುವ ಉದ್ದೇಶವನ್ನು ತಿಳಿಸಿದಲ್ಲಿ ಪ್ರತಿಯನ್ನು ಹುಡುಕಲು ಅನುಕೂಲವಾಗುತ್ತದೆ.

(ಇ) ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳು ಹಾಗೂ ಅಧ್ಯಾಪಕರಿಗಾಗಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು 2025ರ ಜನವರಿ 1ರಂದು ಜಾರಿಗೆ ಬಂದಿದ್ದು, ಸುಮಾರು 13,000 ನಿಯತಕಾಲಿಕಗಳನ್ನು ಒಳಗೊಂಡಿದೆ. ತಮ್ಮ ಸಂಸ್ಥೆಯ ನೋಂದಣಿಯ ಬಗ್ಗೆ ಕಾಲೇಜು ಗ್ರಂಥಾಲಯದಲ್ಲಿ ವಿಚಾರಿಸಬಹುದು.

(ಈ) ಪ್ರಬಂಧಗಳ ಪಟ್ಟಿ ಅಥವಾ ಗ್ರಂಥಾಲಯದ ನಿಯಮಗಳು ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ರಬಂಧದಲ್ಲಿ ಹೊಸ ಸಾಧನದ ಆವಿಷ್ಕಾರವಿದ್ದು ಪೇಟೆಂಟ್ ಪಡೆಯುವ ಉದ್ದೇಶವಿದ್ದರೆ ಏನು ಮಾಡಬೇಕು?
ಉತ್ತರ: ಬಹಿರಂಗಗೊಂಡ ಆವಿಷ್ಕಾರಕ್ಕೆ ನವೀನತೆ ಇಲ್ಲವೆಂದು ಪೇಟೆಂಟ್ ನಿರಾಕರಣೆಯಾಗುವ ಸಂಭವವಿದೆ. ಆದ್ದರಿಂದ ಮೊದಲು ಪೇಟೆಂಟ್ ಅರ್ಜಿಯನ್ನು ದಾಖಲಿಸಿ, ಪ್ರಬಂಧದ ಬಿಡುಗಡೆಯನ್ನು ಕೆಲಕಾಲ ತಡೆಹಿಡಿಯುವಂತೆ ಮಾರ್ಗದರ್ಶಕರ ಮೂಲಕ ವಿಶ್ವವಿದ್ಯಾನಿಲಯವನ್ನು ಕೋರತಕ್ಕದ್ದು.

ಪ್ರಶ್ನೆ: ಸಂಶೋಧನೆಯ ಫಲಿತಾಂಶವು ನಿರೀಕ್ಷೆಗೆ ವಿರುದ್ಧವಾಗಿದ್ದರೂ ಹಂಚಿಕೊಳ್ಳಬೇಕೆ?
ಉತ್ತರ: ಹೌದು. ಒಂದು ಪ್ರಶ್ನಾವಳಿಯು ಗ್ರಾಮೀಣ ಓದುಗರಿಗೆ ಅರ್ಥವಾಗಲಿಲ್ಲ ಎಂಬ ಅಂಶವೂ ಮುಂದಿನ ಸಂಶೋಧಕರಿಗೆ ಉಪಯುಕ್ತ. ಅದನ್ನು ಮುಚ್ಚಿಟ್ಟಲ್ಲಿ ಅದೇ ತಪ್ಪು ಮರುಕಳಿಸುತ್ತದೆ.

ಪ್ರಶ್ನೆ: ಲೇಖನ ಪ್ರಕಟಣೆಗೆ ನಿಯತಕಾಲಿಕವನ್ನು ಹೇಗೆ ಆಯ್ಕೆ ಮಾಡಿಕೊಳ್ಳಬೇಕು?
ಉತ್ತರ: ಆಯೋಗವು ನಿರ್ವಹಿಸುತ್ತಿದ್ದ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಗಿದೆ. ಸಂಪಾದಕ ಮಂಡಳಿ, ತಜ್ಞ ಪರಿಶೀಲನೆಯ ಕ್ರಮ, ಶುಲ್ಕ ಹಾಗೂ ಹಿಂದಿನ ಸಂಚಿಕೆಗಳ ಗುಣಮಟ್ಟವನ್ನು ಮಾರ್ಗದರ್ಶಕರೊಂದಿಗೆ ಪರಿಶೀಲಿಸಿ ನಿರ್ಧರಿಸಬೇಕು. ಹಣ ಪಾವತಿಸಿದ ಕೆಲವೇ ದಿನಗಳಲ್ಲಿ ಪ್ರಕಟಿಸುವ ಭರವಸೆ ನೀಡುವವರ ಬಗ್ಗೆ ಎಚ್ಚರಿಕೆ ಅಗತ್ಯ.

12. ಸಂಕ್ಷಿಪ್ತವಾಗಿ

ಮಹಾಪ್ರಬಂಧಗಳಿಗೆ ರಾಷ್ಟ್ರೀಯ ಭಂಡಾರವಿದೆ, ಅದನ್ನು ತಲುಪಿಸಲು ನಿಯಮವೂ ಇದೆ. ಉಳಿದ ಸಂಶೋಧನೆಗಳನ್ನು ಕಾಯ್ದುಕೊಳ್ಳುವ ಜವಾಬ್ದಾರಿ ಆಯಾ ಕಾಲೇಜಿನದ್ದು. ಎರಡು ವಿಭಾಗಗಳಿಗೆ ಸಾಮಾನ್ಯವಾದ ಒಂದು ಪಟ್ಟಿ, ಹುಡುಕಿದರೆ ಸಿಗುವಂತಹ ಕನ್ನಡ ಅಕ್ಷರಗಳು ಹಾಗೂ ಉತ್ತರ ನೀಡಿದವರ ಗೋಪ್ಯತೆಗೆ ಗೌರವ ಈ ಮೂರೂ ಇದ್ದಲ್ಲಿ ದುಬಾರಿ ಸೌಲಭ್ಯಗಳಿಲ್ಲದ ಕಾಲೇಜೂ ಈ ಕಾರ್ಯವನ್ನು ನೆರವೇರಿಸಬಹುದು. ಈ ಸಾಲಿನಲ್ಲಿ ಕಿರುಪ್ರಬಂಧ ಸಲ್ಲಿಸುವ ವಿದ್ಯಾರ್ಥಿಗಳು ಒಂದು ಯೂನಿಕೋಡ್ ಪ್ರತಿ ಹಾಗೂ ಒಂದು ಪುಟದ ಕನ್ನಡ ಸಾರಾಂಶವನ್ನು ತಮ್ಮ ಕಾಲೇಜು ಗ್ರಂಥಾಲಯಕ್ಕೆ ನೀಡುವುದರ ಮೂಲಕ ಇದನ್ನು ಆರಂಭಿಸಬಹುದಾಗಿದೆ.